ಕಪ್ ಸಾಕು, ಇನ್ನು ಕೋಚ್ ಬೇಕು

ಬಂಟ್ವಾಳದಿಂದ ಹೊರಡುವ ಎನ್‌ಎಚ್ 75 ಕೋಲಾರ, ಮುಳಬಾಗಿಲು ದಾಟಿಯೇ ಮುಂದೆ ಹೋಗುತ್ತದೆ. ಅದೇ ದಾರಿಯಲ್ಲಿ ಬಂದು ಈ ಕಡೆ ಅಂಗಡಿ, ಬೇಕರಿ ಇಟ್ಟುಕೊಂಡ ನಾವು ಬರುವಾಗ ಊರಿನ ಫುಟ್ಬಾಲ್ ಹುಚ್ಚನ್ನೂ ಜೊತೆಗೇ ತಂದೆವು. ಕೋಲಾರ, ಮಾಲೂರು, ಶ್ರೀನಿವಾಸಪುರದಲ್ಲಿ ಕ್ರಿಕೆಟ್ಟಿನದೇ ರಾಜ್ಯಭಾರ, ನಿಜ. ಆದರೂ ಸಂಜೆ ಶಾಲೆ ಮೈದಾನದ ಒಂದು ಮೂಲೆಯಲ್ಲಿ ಚೆಂಡು ಒದೆಯುವ ಹುಡುಗರು ಇದ್ದೇ ಇರುತ್ತಾರೆ. ಅವರಿಗಾಗಿ ನಾವು ಏನು ಮಾಡಿದ್ದೇವೆ? ಟೂರ್ನಮೆಂಟ್ ಇಟ್ಟಿದ್ದೇವೆ. ಆಳೆತ್ತರದ ಕಪ್, ಹೊಸ ಜರ್ಸಿ, ಮೈಕ್, ಅತಿಥಿಗಳಿಗೆ ಶಾಲು. ಎಡಗಾಲಲ್ಲಿ ಚೆಂಡು ತಡೆಯೋದು ಹೇಗೆ ಅಂತ ಹೇಳಿಕೊಡುವ ಒಬ್ಬ ಮನುಷ್ಯನನ್ನು ಮಾತ್ರ ಇಟ್ಟಿಲ್ಲ.

ಈ ಮಾತಿಗೆ ಹೈದರಾಬಾದಿನ ಶಬ್ಬೀರ್ ಅಲಿಯವರ ಕಥೆ ನೆನಪಾಗುತ್ತದೆ. 1974ರಲ್ಲಿ ಬ್ಯಾಂಕಾಕಿನಲ್ಲಿ ನಡೆದ ಏಷ್ಯನ್ ಯೂತ್ ಚಾಂಪಿಯನ್‌ಶಿಪ್‌ನಲ್ಲಿ ಭಾರತ, ಇರಾನ್ ಜೊತೆ ಜಂಟಿ ಚಾಂಪಿಯನ್ ಆಯಿತು. ಆ ತಂಡಕ್ಕೆ ಕ್ಯಾಪ್ಟನ್ ಇವರೇ. ಆಮೇಲೆ ಸೀನಿಯರ್ ತಂಡದ ಫಾರ್ವರ್ಡ್. ಕೋಲ್ಕತ್ತಾದಲ್ಲಿ ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್ ಪರ ಗೋಲುಗಳು. ಇಷ್ಟಕ್ಕೇ ನಿಂತಿದ್ದರೆ ಹಳೇ ಫೋಟೋ ತೋರಿಸುತ್ತಾ ಕೂರುವ ಆಟಗಾರರಲ್ಲಿ ಇವರೂ ಒಬ್ಬರಾಗುತ್ತಿದ್ದರು. ಆದರೆ ಆಟ ಬಿಟ್ಟ ಮೇಲೆ ಇವರು ಕೋಚ್ ಆದರು. 1998-99ರಲ್ಲಿ ಗೋವಾದ ಸಾಲ್ಗಾಂವ್ಕರ್ ತಂಡ ನ್ಯಾಷನಲ್ ಫುಟ್ಬಾಲ್ ಲೀಗ್ ಗೆದ್ದಾಗ ಕೋಚ್ ಶಬ್ಬೀರ್ ಅಲಿ. 2011ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಬಂತು. ಫುಟ್ಬಾಲಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು.

ಫಾರ್ವರ್ಡ್ ಆದವನು ಕೋಚ್ ಆಗೋದು ಅಷ್ಟು ಸುಲಭ ಅಲ್ಲ. ಗೋಲು ಹೊಡೆದವನಿಗೆ ಚಪ್ಪಾಳೆ ಅಭ್ಯಾಸವಾಗಿರುತ್ತೆ. ಕೋಚ್ ಆದ ಮೇಲೆ ಗೆದ್ದರೆ ಹುಡುಗರ ಹೆಸರು, ಸೋತರೆ ಇವನ ಹೆಸರು. ಆ ಅದಲುಬದಲಿಗೆ ಒಪ್ಪಿಕೊಂಡರಲ್ಲ, ಅದೇ ನಮಗೆ ಅವರ ಗೋಲುಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

"ಪ್ರತಿಭೆ ಇದ್ದರೆ ಕೋಚ್ ಯಾಕೆ?" ಅನ್ನುವವರು ಬೆಂಗಳೂರಿನ ಅಹ್ಮದ್ ಖಾನರ ಉದಾಹರಣೆ ಕೊಡುತ್ತಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಆಡಿದವರು. 1951ರ ಏಷ್ಯನ್ ಗೇಮ್ಸ್ ಚಿನ್ನದ ತಂಡದಲ್ಲಿದ್ದವರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಎದುರು 10-1ರಲ್ಲಿ ಸೋತಾಗ ನಮ್ಮ ಆ ಒಂದು ಗೋಲು ಅವರದೇ. ಸರಿ, ಒಪ್ಪೋಣ. ಆದರೆ ಅವರ ತಂದೆಯೂ ಫುಟ್ಬಾಲ್ ಆಟಗಾರ, ಸಹೋದರರೂ ಆಟಗಾರರು. ಅಂದರೆ ಕೋಚಿಂಗ್ ಮನೆಯಲ್ಲೇ ನಡೆಯುತ್ತಿತ್ತು. ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ದುಡಿಯುವ ಅಪ್ಪ, ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಲೋಡು ಎತ್ತುವ ಅಪ್ಪ ರಾತ್ರಿ ಮನೆಗೆ ಬಂದು ಮಗನಿಗೆ ಪಾಸ್ ಕೊಡೋದು ಕಲಿಸ್ತಾನಾ? ಆ ಮನೆಯಲ್ಲಿ ಸಿಗದೇ ಇರೋದನ್ನು ಊರು ಕೊಡಬೇಕಾಗುತ್ತೆ.

ನಮ್ಮ ಸಲಹೆ ಇಷ್ಟೇ. ಪ್ರತಿ ಊರಲ್ಲೂ ಒಳ್ಳೆಯ ಫಾರ್ವರ್ಡ್ ಅನ್ನಿಸಿಕೊಂಡು, ಮಂಡಿ ಕೈಕೊಟ್ಟ ಮೇಲೆ ಆಟ ಬಿಟ್ಟವನು ಒಬ್ಬ ಇದ್ದೇ ಇರುತ್ತಾನೆ. ಈಗ ಆಟೋ ಓಡಿಸುತ್ತಿರಬಹುದು, ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಮಾಡುತ್ತಿರಬಹುದು. ಅವನನ್ನು ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ನಿನ ಡಿ ಲೈಸೆನ್ಸ್ ಕೋರ್ಸಿಗೆ ಕಳಿಸಿ. ಫೀಸು, ಊಟ, ಬಸ್ ಚಾರ್ಜು, ಆ ದಿನಗಳ ಕೂಲಿ ಎಲ್ಲವನ್ನೂ ಟೂರ್ನಮೆಂಟ್ ದುಡ್ಡಿನಲ್ಲೇ ಕೊಡಿ. ಕಲಿತು ಬಂದ ಮೇಲೆ ವಾರಕ್ಕೆ ಎರಡು ಸಂಜೆ ಮಕ್ಕಳಿಗೆ ಕಲಿಸಲಿ, ಅದಕ್ಕೂ ಸಂಬಳ ಇರಲಿ. ಬಿಟ್ಟಿ ಸೇವೆ ಅಂತ ಹೇಳಿದರೆ ಮೂರು ತಿಂಗಳಿಗೆ ನಿಲ್ಲುತ್ತೆ, ಇದು ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ.

"ಆ ಸರ್ಟಿಫಿಕೇಟ್ ಇಟ್ಕೊಂಡು ಹೊಟ್ಟೆ ತುಂಬುತ್ತಾ ಸಾಹೇಬ್ರೇ?" ಅಂತ ಒಬ್ಬರು ಕೇಳಿದರು. ಕೂಡಲೇ ತುಂಬಲ್ಲ. ಆದರೆ ಡಿ ಆದ ಮೇಲೆ ಸಿ ಇದೆ, ಬಿ ಇದೆ. ಬೆಂಗಳೂರಿನ ಖಾಸಗಿ ಶಾಲೆಗಳು, ಅಕಾಡೆಮಿಗಳು ಲೈಸೆನ್ಸ್ ಇರುವವರನ್ನೇ ಹುಡುಕುತ್ತವೆ. ಮಾಲೂರಿನಿಂದ ಬೆಂಗಳೂರಿಗೆ ರೈಲು ಇದೆಯಲ್ಲ.

ಇಷ್ಟೆಲ್ಲ ಬರೆದ ನಾವೇನೂ ಸಾಚಾ ಅಲ್ಲ. ಕಮಿಟಿಯಲ್ಲಿ ಕೂತು ಕಳೆದ ಸಲಕ್ಕಿಂತ ಈ ಸಲದ ಕಪ್ ದೊಡ್ಡದಿರಬೇಕು ಅಂತ ಹಟ ಹಿಡಿದವರಲ್ಲಿ ನಾವೂ ಇದ್ದೆವು. ಮುಂದಿನ ಸಲ ಕಪ್ ಚಿಕ್ಕದು ಮಾಡೋಣ, ಉಳಿದದ್ದನ್ನು ಒಬ್ಬ ಹುಡುಗನ ಕೋರ್ಸಿಗೆ ಇಡೋಣ ಅಂತ ಮೊನ್ನೆ ಹೇಳಿದ್ದೇವೆ. ಇಬ್ಬರು ಮುಖ ಸಿಂಡರಿಸಿದರು, ಒಬ್ಬರು ಲೆಕ್ಕದ ಪುಸ್ತಕ ತೆಗೆದರು.