ಪೆಟ್ಟಿಗೆಯಲ್ಲಿ ಅಮೆರಿಕ ಎಲ್ಲಿದೆ?

ಅಮೆರಿಕದಲ್ಲಿರುವವರು ಪರದೇಶದ ಗೆಳೆಯರಿಗೆ ಕಳಿಸುವ ಉಡುಗೊರೆಗಳ ಬಗ್ಗೆ ನಮ್ಮದೊಂದು ತಕರಾರಿದೆ. ಸ್ವಾತಂತ್ರ್ಯ ದೇವಿಯ ಗೇಣುದ್ದದ ಪ್ರತಿಮೆ, ನಕ್ಷತ್ರ-ಪಟ್ಟೆಗಳ ಬಾವುಟ ಅಚ್ಚಾದ ಟೀ ಶರ್ಟು, ಊರಿನ ಹೆಸರು ಬರೆದ ಕಾಫಿ ಮಗ್ಗು, ಕೀಚೈನು, ಒಂದು ಚೀಲ ಚಾಕೊಲೇಟು. ಪೆಟ್ಟಿಗೆ ದುಬೈಗೆ ಹೋಗಲಿ, ನೈರೋಬಿಗೆ ಹೋಗಲಿ, ನಮ್ಮ ಮಂಗಳೂರು, ಕಲಬುರಗಿಗಳಿಗೆ ಬರಲಿ, ಒಳಗಿರುವುದು ಹೆಚ್ಚುಕಡಿಮೆ ಇಷ್ಟೆ. ಪ್ರತಿಮೆಯನ್ನು ಬೋರಲು ಹಾಕಿ ನೋಡಿದರೆ ಅಡಿಯಲ್ಲಿ ‘ಮೇಡ್ ಇನ್ ಚೈನಾ’ ಎಂದಿರುತ್ತದೆ. ಕಳಿಸಿದವರು ಪ್ರೀತಿಯಿಂದಲೇ ಕಳಿಸಿದ್ದಾರೆ. ಪಡೆದವರು ಸಂತೋಷದಿಂದಲೇ ಕಪಾಟಿನಲ್ಲಿಟ್ಟಿದ್ದಾರೆ. ಆದರೆ ಈ ಪೆಟ್ಟಿಗೆಯಲ್ಲಿ ಅಮೆರಿಕ ಎಲ್ಲಿದೆ?

ಇದು ಕೊಂಕು ಹುಡುಕುವ ಪ್ರಶ್ನೆಯಲ್ಲ. ಉಡುಗೊರೆಗೆ ಉರ್ದುವಿನಲ್ಲಿ ಹಲವು ಹೆಸರುಗಳಿವೆ. ತೋಹ್ಫಾ ಎಂದರೂ ಉಡುಗೊರೆ, ಹದಿಯಾ ಎಂದರೂ ಉಡುಗೊರೆ. ‘ಸೌಗಾತ್’ ಎಂಬ ಮಾತಿಗೆ ಮಾತ್ರ ಬೇರೆಯದೇ ಒಂದು ಬಣ್ಣವಿದೆ. ದೂರದ ಊರಿನಿಂದ ಬಂದದ್ದು, ಆ ಊರಿನ ವಾಸನೆಯನ್ನು ಹೊತ್ತು ತಂದದ್ದು ಸೌಗಾತ್. ಮಹಮೂದ್ ಅಯಾಜ್ ಅವರು ಬೆಂಗಳೂರಿನಿಂದ ಹೊರತಂದ ಉರ್ದು ಸಾಹಿತ್ಯ ಪತ್ರಿಕೆಗೆ ಇದೇ ಹೆಸರಿತ್ತು. ಎಲ್ಲಿಂದ ಬೇಕಾದರೂ ಎಲ್ಲಿಗೆ ಬೇಕಾದರೂ ಹೋಗಬಲ್ಲ ವಸ್ತುವನ್ನು ಉಡುಗೊರೆ ಎನ್ನಬಹುದು, ಸೌಗಾತ್ ಎನ್ನಲಾಗದು. ಒಂದು ದೇಶದ ಹೆಸರು ಹೇಳಿ ಕಳಿಸುವ ವಸ್ತು ಆ ದೇಶದ ಪರವಾಗಿ ಸಾಕ್ಷಿ ಹೇಳುತ್ತದೆ. ಸಾಕ್ಷಿ ಸುಳ್ಳಾಗಬಾರದು ಎಂಬುದಷ್ಟೇ ನಮ್ಮ ವಾದ.

ಆ ಸ್ವಾತಂತ್ರ್ಯ ದೇವಿಯ ಕತೆಯನ್ನೇ ನೋಡೋಣ. ಅವಳು ಸ್ವತಃ ಪರದೇಶದಿಂದ ಬಂದ ಉಡುಗೊರೆ. ಕಡೆದ ಶಿಲ್ಪಿ ಫ್ರಾನ್ಸಿನ ಬಾರ್ತೋಲ್ದಿ. ಇದೇ ಬಾರ್ತೋಲ್ದಿ ಅದಕ್ಕೂ ಮೊದಲು ಸೂಯೆಜ್ ಕಾಲುವೆಯ ಬಾಯಲ್ಲಿ ದೀಪ ಹಿಡಿದು ನಿಲ್ಲುವ ಈಜಿಪ್ಟಿನ ರೈತ ಹೆಂಗಸಿನ ಭಾರೀ ಪ್ರತಿಮೆಯ ಯೋಜನೆಯನ್ನು 1869ರಲ್ಲಿ ಖೆದಿವ ಇಸ್ಮಾಯಿಲ್ ಪಾಷಾನ ಮುಂದಿಟ್ಟಿದ್ದ. ಅದು ಕೈಗೂಡಲಿಲ್ಲ. ಮುಂದೆ ಫ್ರಾನ್ಸಿನ ಜನರಿಂದ ಚಂದಾ ಎತ್ತಿ ಅಮೆರಿಕಕ್ಕಾಗಿ ಪ್ರತಿಮೆ ಸಿದ್ಧವಾಯಿತು. ಒಳಗಿನ ಕಬ್ಬಿಣದ ಚೌಕಟ್ಟನ್ನು ಕೊಟ್ಟವನು ಐಫೆಲ್. ತಾಮ್ರದ ಹಾಳೆಗಳನ್ನು ಬಿಡಿಸಿ, ಇನ್ನೂರಕ್ಕೂ ಹೆಚ್ಚು ಪೆಟ್ಟಿಗೆಗಳಲ್ಲಿ ತುಂಬಿ ಹಡಗಿಗೆ ಏರಿಸಿದರು. ನಿಲ್ಲಿಸಲು ಪೀಠಕ್ಕೆ ಹಣವಿರಲಿಲ್ಲ. ಜೋಸೆಫ್ ಪುಲಿಟ್ಜರ್ ತಮ್ಮ ಪತ್ರಿಕೆಯಲ್ಲಿ 1885ರಲ್ಲಿ ಕರೆ ಕೊಟ್ಟರು. ಹಣ ಕೊಟ್ಟವರ ಹೆಸರು ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಒಂದು ಲಕ್ಷಕ್ಕೂ ಹೆಚ್ಚು ಜನ ಕೊಟ್ಟರು. ಅವರಲ್ಲಿ ಬಹುಪಾಲು ಮಂದಿ ಒಂದು ಡಾಲರಿಗೂ ಕಡಿಮೆ ಕೊಟ್ಟವರು. 1886ರ ಅಕ್ಟೋಬರ್ 28ರಂದು ಪ್ರತಿಮೆ ಅನಾವರಣವಾಯಿತು. ಕೊಟ್ಟವರೂ ಜನ, ಪಡೆದವರೂ ಜನ, ಇಬ್ಬರ ಬೆವರೂ ಅದರಲ್ಲಿದೆ. ಇಂಥ ಉಡುಗೊರೆಯ ಪ್ಲಾಸ್ಟಿಕ್ ಪಡಿಯಚ್ಚನ್ನು ಬೆವರಿನ ಲೆಕ್ಕವೇ ಸಿಗದ ಹಾಗೆ ಕೊಂಡು ಕಳಿಸುವುದು ಎಂಥ ವಿಪರ್ಯಾಸ!

ಇದು ಬಡ ಗಿರಾಕಿಯ ತಪ್ಪು ಮಾತ್ರವಲ್ಲ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ವಸ್ತುಸಂಗ್ರಹಾಲಯದ ಅಂಗಡಿಯಲ್ಲೇ ಅಮೆರಿಕದ ಅಧ್ಯಕ್ಷರುಗಳ ಪುಟ್ಟ ಪ್ರತಿಮೆಗಳು ಚೀನಾದಿಂದ ಬಂದಿದ್ದವು. 2011ರಲ್ಲಿ ಸೆನೆಟರ್ ಬರ್ನಿ ಸ್ಯಾಂಡರ್ಸ್ ಇದನ್ನು ಬಹಿರಂಗವಾಗಿ ಪ್ರಶ್ನಿಸಿದ ಮೇಲೆ ಸಂಸ್ಥೆ ಒಂದು ಮಳಿಗೆಯನ್ನು ಅಮೆರಿಕದಲ್ಲೇ ತಯಾರಾದ ವಸ್ತುಗಳಿಗೆಂದು ಮೀಸಲಿಟ್ಟಿತು. ದೇಶದ ಚರಿತ್ರೆಯನ್ನು ಕಾಯುವ ಮನೆಯಲ್ಲೇ ಹೀಗಾದರೆ ವಿಮಾನ ನಿಲ್ದಾಣದ ಅಂಗಡಿಯನ್ನು ಬೈದು ಏನು ಫಲ?

ಜೀನ್ಸ್ ಪ್ಯಾಂಟು ಕಳಿಸುತ್ತೇವೆ, ಅದು ಅಪ್ಪಟ ಅಮೆರಿಕನ್ ಎನ್ನುವವರಿದ್ದಾರೆ. ಹುಟ್ಟಿನ ಮಟ್ಟಿಗೆ ನಿಜ. ರಿಗಾ ನಗರದಿಂದ ಬಂದ ದರ್ಜಿ ಜೇಕಬ್ ಡೇವಿಸ್ ಮತ್ತು ಬವೇರಿಯಾದಿಂದ ಬಂದ ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಇಬ್ಬರೂ ಕೂಡಿ ತಾಮ್ರದ ರಿವೆಟ್ಟು ಹಾಕಿದ ಪ್ಯಾಂಟಿಗೆ 1873ರಲ್ಲಿ ಪೇಟೆಂಟ್ ಪಡೆದರು. ವಲಸೆ ಬಂದ ಇಬ್ಬರು ಯಹೂದಿಗಳು ಕೂಲಿಕಾರರಿಗಾಗಿ ಹೊಲಿಸಿದ ಬಟ್ಟೆ ಅದು. ಆದರೆ ಆ ಕಂಪನಿ ಅಮೆರಿಕದಲ್ಲಿದ್ದ ತನ್ನ ಸ್ವಂತದ ಕೊನೆಯ ಹೊಲಿಗೆ ಕಾರ್ಖಾನೆಗಳನ್ನು 2000ದ ದಶಕದ ಆರಂಭದಲ್ಲೇ ಮುಚ್ಚಿಯಾಗಿದೆ. ಕತೆ ಅಲ್ಲಿಯದು, ಹೊಲಿಗೆ ಬೇರೆಲ್ಲಿಯದೋ. ಜೀನ್ಸ್ ಕಳಿಸುವವರು ಕತೆಯನ್ನಾದರೂ ಬರೆದು ಜೊತೆಗಿಡಲಿ.

ಇಲ್ಲಿಯವರೆಗೆ ಹೇಳಿದ್ದು ಸಣ್ಣ ಸುಳ್ಳು. ದೊಡ್ಡ ಸುಳ್ಳು ಬೇರೆ ಇದೆ. ಅಮೆರಿಕದ ನೈರುತ್ಯದ ನವಾಹೋ, ಹೋಪಿ, ಝೂನಿ ಜನ ಬೆಳ್ಳಿ ಮತ್ತು ವೈಡೂರ್ಯವರ್ಣದ ಫಿರೋಜಾ ಕಲ್ಲಿನಿಂದ ಒಡವೆ ಮಾಡುತ್ತಾರೆ, ಕಂಬಳಿ ನೇಯುತ್ತಾರೆ. ‘ಅಪ್ಪಟ ಅಮೆರಿಕನ್’ ಉಡುಗೊರೆ ಬೇಕು ಎಂದು ಹುಡುಕುವ ಪ್ರವಾಸಿಗರ ಕಣ್ಣು ಮೊದಲು ಬೀಳುವುದು ಇವುಗಳ ಮೇಲೆ. ಅದನ್ನು ಬಲ್ಲ ವ್ಯಾಪಾರಿಗಳು ನಕಲು ತರಿಸಿ ಮಾರಿದರು. ಇದನ್ನು ತಡೆಯಲೆಂದೇ 1990ರಲ್ಲಿ ‘ಇಂಡಿಯನ್ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಆಕ್ಟ್’ ಬಂತು. ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರದೆಂದು ಮಾರುವುದು ಆ ಕಾಯಿದೆಯ ಪ್ರಕಾರ ಅಪರಾಧ. ಆದರೂ ಫಿಲಿಪ್ಪೀನ್ಸಿನಲ್ಲಿ ಮಾಡಿಸಿದ ಒಡವೆಯನ್ನು ಮೂಲನಿವಾಸಿಗಳ ಕೈಕೆಲಸವೆಂದು ಮಾರಿದ ನ್ಯೂ ಮೆಕ್ಸಿಕೋದ ವ್ಯಾಪಾರಿಯೊಬ್ಬನಿಗೆ 2018ರಲ್ಲಿ ಆರು ತಿಂಗಳ ಜೈಲಾಯಿತು. ತನ್ನ ಹೆಸರನ್ನು ಒಳ ಉಡುಪಿಗೂ ಮದ್ಯದ ಸೀಸೆಗೂ ಅಂಟಿಸಿದ ದೊಡ್ಡ ಬಟ್ಟೆ ಕಂಪನಿಯೊಂದರ ಮೇಲೆ ನವಾಹೋ ಜನ 2012ರಲ್ಲಿ ಮೊಕದ್ದಮೆ ಹೂಡಬೇಕಾಯಿತು.

ನೆಲ ಹೋಯಿತು, ನೀರು ಹೋಯಿತು, ಮಕ್ಕಳನ್ನು ವಸತಿ ಶಾಲೆಗೆ ಒಯ್ದು ನಾಲಿಗೆಯ ಮೇಲಿನ ಭಾಷೆಯನ್ನೂ ಕಿತ್ತರು. ಉಳಿದದ್ದು ಕೈಯ ಕಸುಬು. ಆ ಕಸುಬಿನ ಹೆಸರನ್ನೂ ಮಾರುಕಟ್ಟೆ ಕದ್ದರೆ ಅಗ್ಗದ ಕಡಗ ಕೊಂಡು ಗೆಳತಿಗೆ ಕಳಿಸಿದವರು ಆ ಕಳವಿನಲ್ಲಿ ಪಾಲುದಾರರೇ. ಈ ಮಾತು ಕಟುವಾಯಿತೆಂದು ಯಾರಿಗಾದರೂ ಅನ್ನಿಸಿದರೆ ಅವರು ಚನ್ನಪಟ್ಟಣಕ್ಕೆ ಹೋಗಿ ಬರಲಿ. ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಕುಶಲಕರ್ಮಿಗಳ ಪಕ್ಕದಲ್ಲೇ ಚೀನಾದ ಪ್ಲಾಸ್ಟಿಕ್ ಗೊಂಬೆ ಮಾರಾಟವಾಗುವುದನ್ನು ನೋಡಲಿ. ಬೀದರಿನ ಬಿದ್ರಿ ಕೆಲಸದವರನ್ನು ಮಾತಾಡಿಸಲಿ. ಭೌಗೋಳಿಕ ಗುರುತಿನ ಮುದ್ರೆ ಇವೆರಡಕ್ಕೂ ಇದೆ. ಮುದ್ರೆ ಇದ್ದರೇನು, ಕೊಳ್ಳುವವನು ತಿರುಗಿಸಿ ನೋಡದಿದ್ದರೆ?

ಹಾಗಾದರೆ ಏನು ಕಳಿಸಬೇಕು? ಬೈಯುವುದು ಸುಲಭ, ದಾರಿ ಹೇಳಿ ಎಂದರೆ ಅದಕ್ಕೂ ನಾವು ಸಿದ್ಧ.

ವರ್ಮಾಂಟಿನ ಮೇಪಲ್ ಪಾಕ ಕಳಿಸಲಿ. ರಾತ್ರಿ ಹಿಮ ಕಟ್ಟಿ ಹಗಲು ಕರಗುವ ಚಳಿಗಾಲದ ಕೊನೆಯ ಕೆಲವೇ ವಾರಗಳಲ್ಲಿ ಮರಕ್ಕೆ ತೂತು ಕೊರೆದು ರಸ ಇಳಿಸುತ್ತಾರೆ. ಸುಮಾರು 40 ಪಾಲು ರಸ ಕುದಿಸಿದರೆ 1 ಪಾಲು ಪಾಕ. ಬಿಳಿಯರು ಬರುವ ಮುನ್ನವೇ ಮೂಲನಿವಾಸಿಗಳಿಗೆ ಈ ವಿದ್ಯೆ ಗೊತ್ತಿತ್ತು. ನಮ್ಮ ಜೋನಿ ಬೆಲ್ಲ ತಿಂದವರಿಗೆ ಇದರ ರುಚಿ ಪರಕೀಯವಾಗದು. ಎಚ್ಚರಿಕೆ ಒಂದೇ: ‘ಪ್ಯಾನ್‌ಕೇಕ್ ಸಿರಪ್’ ಎಂಬ ಹೆಸರಿನಲ್ಲಿ ಸಿಗುವುದು ಬಹುಪಾಲು ಮೆಕ್ಕೆಜೋಳದ ಸಕ್ಕರೆ ಪಾಕಕ್ಕೆ ಬಣ್ಣ ಬೆರೆಸಿದ್ದು.

ಮಿನ್ನೆಸೋಟದ ಕೆರೆಗಳ ‘ಮನೂಮಿನ್’ ಕಳಿಸಲಿ. ಅಂಗಡಿಯವರು ಅದನ್ನು ಕಾಡಕ್ಕಿ ಎನ್ನುತ್ತಾರೆ. ಓಜಿಬ್ವೆ ಜನ ದೋಣಿಯಲ್ಲಿ ಕೂತು, ತೆನೆಯನ್ನು ಬಾಗಿಸಿ, ಕೋಲಿನಿಂದ ಮೆಲ್ಲಗೆ ತಟ್ಟಿ ಕಾಳು ಉದುರಿಸಿಕೊಳ್ಳುತ್ತಾರೆ. ಗದ್ದೆಯಲ್ಲಿ ಬೆಳೆದು ಯಂತ್ರದಿಂದ ಕೊಯ್ದದ್ದು ಅಗ್ಗ. ಅದನ್ನು ಗದ್ದೆಯದೆಂದು ಚೀಟಿಯಲ್ಲಿ ಬರೆಯಲೇಬೇಕೆಂದು ಮಿನ್ನೆಸೋಟದ ಕಾನೂನು ಹೇಳುತ್ತದೆ. ಚೀಟಿ ಓದಿ ಕೊಳ್ಳಲಿ. ಅನ್ನ ಉಣ್ಣುವ ನಾಡಿಗೆ ಇದಕ್ಕಿಂತ ಒಳ್ಳೆಯ ಸಲಾಮು ಯಾವುದಿದೆ?

ಒಂದು ಪೌಂಡು ಪೆಕಾನ್ ಕಳಿಸಲಿ. ನಮ್ಮ ಅಕ್ರೋಟಿನ ಸೋದರಸಂಬಂಧಿ, ಅಮೆರಿಕದ ನೆಲದ್ದೇ ಮರ. ಗಟ್ಟಿ ಸಿಪ್ಪೆಯ ಕಾಡುಕಾಯಿ ತೋಟದ ಬೆಳೆಯಾದದ್ದು ಕಸಿಯಿಂದ. 1840ರ ದಶಕದಲ್ಲಿ ಲೂಸಿಯಾನದ ಓಕ್ ಆಲಿ ತೋಟದಲ್ಲಿ ಅದನ್ನು ಮೊದಲು ಯಶಸ್ವಿಯಾಗಿ ಕಸಿ ಕಟ್ಟಿದವನು ಗುಲಾಮನಾಗಿದ್ದ ಒಬ್ಬ ತೋಟಗಾರ. ದಾಖಲೆಯಲ್ಲಿ ಅವನ ಹೆಸರು ಆಂಟ್ವಾನ್ ಎಂದಷ್ಟೇ ಇದೆ. ಮನೆತನದ ಹೆಸರಿಲ್ಲ. ಆ ತಳಿ 1876ರ ಫಿಲಡೆಲ್ಫಿಯಾ ಶತಮಾನೋತ್ಸವ ಪ್ರದರ್ಶನದಲ್ಲಿ ಮನ್ನಣೆ ಪಡೆದು ‘ಸೆಂಟೆನಿಯಲ್’ ಎನಿಸಿತು. ಮರಕ್ಕೆ ಹೆಸರು ಬಂತು, ಕಸಿ ಕಟ್ಟಿದವನಿಗೆ ಬರಲಿಲ್ಲ. ಕಾಯಿಯ ಜೊತೆ ಆ ಹೆಸರನ್ನೂ ಬರೆದು ಕಳಿಸಿದರೆ ಅದು ಸೌಗಾತ್.

ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯಿದೆ. ಗುಲಾಮರ ವಂಶದ ಕಪ್ಪು ಹೆಂಗಸರು ಹೊಲದ ಕೆಲಸದಲ್ಲಿ ಹರಿದ ಬಟ್ಟೆಗಳನ್ನು ಜೋಡಿಸಿ ಅಲ್ಲಿ ಕೌದಿ ಹೊಲಿದರು. 2002ರಲ್ಲಿ ಹ್ಯೂಸ್ಟನ್ನಿನಲ್ಲಿಯೂ ನ್ಯೂಯಾರ್ಕಿನಲ್ಲಿಯೂ ಅವು ಪ್ರದರ್ಶನಗೊಂಡವು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವುಗಳ ಚಿತ್ರವಿದ್ದ ಅಂಚೆಚೀಟಿ ಹೊರತಂದಿತು. ನಮ್ಮ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಕವಂದಿಯನ್ನು ಬಲ್ಲವರಿಗೆ ಈ ಕೌದಿ ಬೇರೆ ಪರಿಚಯ ಬೇಡುವುದಿಲ್ಲ. ಅವರ ಪೂರ್ವಜರೂ ಆಫ್ರಿಕದವರೇ. ಮುಸ್ಲಿಮ್, ಕ್ರೈಸ್ತ, ಹಿಂದೂ ಎನ್ನದೆ ಎಲ್ಲ ಸಿದ್ದಿ ಮನೆಗಳಲ್ಲಿ ಹಳೆಯ ಸೀರೆ-ಅಂಗಿಗಳ ಚೂರು ಕವಂದಿಯಾಗುತ್ತದೆ. ನಾಲ್ಕು ಮೂಲೆಗೆ ‘ಫುಲಾ’ ಎಂಬ ಮಡಿಕೆ ಇಡದಿದ್ದರೆ ಅದು ಬತ್ತಲೆ ಎಂದೇ ಅವರ ಲೆಕ್ಕ. ಈ ಕವಂದಿಗಳು 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಮ್‌ಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಎರಡು ಸಾಗರಗಳ ಆಚೆ ಈಚೆ ಬಿದ್ದ ಅಕ್ಕತಂಗಿಯರು ಬಟ್ಟೆಯ ಮೂಲಕ ಮಾತಾಡಿಕೊಂಡದ್ದು ಹೀಗೆ. ಜೀಸ್ ಬೆಂಡಿನ ಕೌದಿ ಕೊಳ್ಳುವ ತಾಕತ್ತು ಎಲ್ಲರಿಗಿಲ್ಲ. ಅದರ ಚಿತ್ರಗಳ ಪುಸ್ತಕವನ್ನೋ ಆ ಅಂಚೆಚೀಟಿಗಳನ್ನೋ ಕಳಿಸಬಹುದಲ್ಲ?

ಇನ್ನು ನಮ್ಮವರಲ್ಲೇ ಏಳುವ ಆಕ್ಷೇಪ. ಇರಾಕನ್ನು 2003ರಲ್ಲಿ ಹಾಳುಗೆಡವಿದ ದೇಶ, ಗಾಝಾದ ಮೇಲೆ 2023ರಿಂದ ಸುರಿದ ಬಾಂಬುಗಳಲ್ಲಿ ಎಷ್ಟನ್ನೋ ಒದಗಿಸಿದ ದೇಶ. ಅದರ ಸೌಗಾತ್ ನಮಗೇಕೆ ಎನ್ನುತ್ತಾರೆ. ಈ ಸಿಟ್ಟು ನಮ್ಮದೂ ಹೌದು. ಆದರೆ ಸಿಟ್ಟಿಗೂ ವಿವೇಕ ಬೇಕು. ಬಾಂಬು ಮಾಡಿದ ಕೈ ಬೇರೆ, ಕೆರೆಯಲ್ಲಿ ಕಾಳು ತಟ್ಟುವ ಕೈ ಬೇರೆ. ಓಜಿಬ್ವೆಯವರು, ನವಾಹೋ ಜನ, ಆಂಟ್ವಾನ್ ಅದೇ ಅಧಿಕಾರದ ಕೆಳಗೆ ನಮಗಿಂತ ಮೊದಲೇ ನಲುಗಿದವರು. ಅಮೆರಿಕ ಎಂದರೆ ಬಾವುಟ ಮಾತ್ರ ಎಂದು ನಾವೂ ನಂಬಿದರೆ ಆ ಬಾವುಟ ಹಾರಿಸುವವರ ಮಾತಿಗೆ ನಾವೇ ಸಹಿ ಹಾಕಿದಂತೆ.

ಅರಬ್ಬಿಯಲ್ಲಿ ಬರೆದ ಪುಸ್ತಕವೂ ಅಮೆರಿಕನ್ ಸೌಗಾತ್ ಆಗಬಹುದು ಎಂದರೆ ಎಷ್ಟು ಜನ ನಂಬುತ್ತಾರೆ? ಪಶ್ಚಿಮ ಆಫ್ರಿಕದ ಫೂತಾ ತೋರೋದ ವಿದ್ವಾಂಸ ಉಮರ್ ಇಬ್ನ್ ಸಈದ್‌ರನ್ನು 1807ರಲ್ಲಿ ಚಾರ್ಲ್‌ಸ್ಟನ್ನಿನಲ್ಲಿ ಗುಲಾಮರಾಗಿ ಮಾರಲಾಯಿತು. ಅವರು 1831ರಲ್ಲಿ ಉತ್ತರ ಕೆರೊಲಿನಾದಲ್ಲಿ ತಮ್ಮ ಆತ್ಮಕತೆಯನ್ನು ಅರಬ್ಬಿಯಲ್ಲಿ ಬರೆದರು. ಅದನ್ನು ಆರಂಭಿಸಿದ್ದು ಕುರ್‌ಆನಿನ ಅಲ್‌ಮುಲ್ಕ್ ಅಧ್ಯಾಯದಿಂದ. ಒಡೆತನವೆಲ್ಲ ಅಲ್ಲಾಹನದು ಎಂಬ ಅಧ್ಯಾಯವನ್ನು ಗುಲಾಮನೊಬ್ಬ ತನ್ನ ಒಡೆಯನ ನೆಲದಲ್ಲಿ ಕೂತು ಬರೆದದ್ದರ ಅರ್ಥವನ್ನು ಓದುಗರೇ ಯೋಚಿಸಲಿ. ಬಿಡುಗಡೆ ಕಾಣದೆಯೇ ಅವರು ತೀರಿಕೊಂಡರು. ಆ ಹಸ್ತಪ್ರತಿಯನ್ನು ಅಮೆರಿಕದ ಸಂಸತ್ತಿನ ಗ್ರಂಥಾಲಯ 2017ರಲ್ಲಿ ಕೊಂಡಿತು. ಅವರ ಬದುಕಿನ ಮೇಲೆ ರಿಯಾನನ್ ಗಿಡೆನ್ಸ್ ಮತ್ತು ಮೈಕೆಲ್ ಏಬಲ್ಸ್ ರಚಿಸಿದ ‘ಉಮರ್’ ಸಂಗೀತ ನಾಟಕಕ್ಕೆ 2023ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಆತ್ಮಕತೆಯ ಅನುವಾದ ಪುಸ್ತಕವಾಗಿ ಸಿಗುತ್ತದೆ. ಕೈರೋದ ಗೆಳೆಯನಿಗೆ, ಭಟ್ಕಳದ ಗೆಳತಿಗೆ ಇದಕ್ಕಿಂತ ತೂಕದ ಉಡುಗೊರೆಯನ್ನು ನಾವಂತೂ ಕಾಣೆವು.

ಕೆಲವು ವ್ಯವಹಾರದ ಮಾತುಗಳೂ ಇವೆ. ಮುಸ್ಲಿಮ್ ಗೆಳೆಯರಿಗೆ, ಸಸ್ಯಾಹಾರಿ ಗೆಳೆಯರಿಗೆ ತಿನಿಸು ಕಳಿಸುವವರು ಪೊಟ್ಟಣದ ಹಿಂಬದಿ ಓದಲಿ. ಅಮೆರಿಕದ ಮಾರ್ಷ್‌ಮ್ಯಾಲೋ ಬಹುಪಾಲು ಹಂದಿಯ ಜೆಲಟಿನ್‌ನಿಂದ ಆದದ್ದು. ಕೆಂಟಕಿಯ ಕೆಲವು ಪ್ರಸಿದ್ಧ ಮಿಠಾಯಿಗಳ ಒಳಗೆ ಬೂರ್ಬನ್ ಮದ್ಯವಿರುತ್ತದೆ. ತಿನ್ನಲಾಗದ್ದನ್ನು ಕಳಿಸಿ ಗೆಳೆಯರನ್ನು ಮುಜುಗರಕ್ಕೆ ದೂಡುವುದು ಸಲ್ಲ. ಭಾರತಕ್ಕೆ ಉಡುಗೊರೆಯೆಂದು ಕಳಿಸುವ ಪಾರ್ಸೆಲ್ಲಿಗೆ ಮೊದಲಿದ್ದ ₹5,000ವರೆಗಿನ ಸುಂಕ ವಿನಾಯಿತಿಯನ್ನು 2019ರ ಡಿಸೆಂಬರಿನಲ್ಲಿ ಸರ್ಕಾರ ತೆಗೆದುಹಾಕಿತು. ಜೀವರಕ್ಷಕ ಔಷಧಿ ಮತ್ತು ರಾಖಿಗೆ ಮಾತ್ರ ವಿನಾಯಿತಿ ಉಳಿಯಿತು. ಪಡೆಯುವವರ ತಲೆಯ ಮೇಲೆ ಸುಂಕ ಬೀಳದ ಹಾಗೆ ನೋಡಿಕೊಳ್ಳುವುದೂ ಕೊಡುವವರ ಅದಬಿಗೆ ಸೇರಿದ್ದು.

ಚೀನಾದ ಕಾರ್ಮಿಕರೂ ಹೊಟ್ಟೆಗೆ ದುಡಿಯುವವರಲ್ಲವೇ ಎಂದು ಯಾರಾದರೂ ಕೇಳಬಹುದು. ಖಂಡಿತ ಹೌದು. ಅವರು ಮಾಡಿದ್ದನ್ನು ಅವರ ಹೆಸರಿನಲ್ಲೇ ಕೊಳ್ಳೋಣ, ಅವರ ಹೆಸರಿನಲ್ಲೇ ಕೊಡೋಣ. ಅವರ ಬೆವರಿನ ಮೇಲೆ ಬೇರೊಂದು ದೇಶದ ಬಾವುಟ ಅಂಟಿಸುವುದು ಅವರಿಗೂ ಮಾಡುವ ಅನ್ಯಾಯ.

ಪೆಟ್ಟಿಗೆ ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಇದನ್ನು ಮಾಡಿದವರು ಯಾರು? ಮಾಡಿದ್ದು ಎಲ್ಲಿ? ನಾವು ಕೊಟ್ಟ ಹಣ ಅವರನ್ನು ತಲುಪಿತೇ? ಅಮೆರಿಕದಲ್ಲಿರುವ ಕನ್ನಡಿಗರೂ, ಅವರಿಗೆ ಮರುಪೆಟ್ಟಿಗೆ ಕಳಿಸುವ ನಾವೂ ಈ ಪರೀಕ್ಷೆಗೆ ಒಳಗಾಗಬೇಕು. ಅಲ್ಲಿಂದ ಪ್ಲಾಸ್ಟಿಕ್ ಸ್ವಾತಂತ್ರ್ಯ ದೇವಿ, ಇಲ್ಲಿಂದ ಪ್ಲಾಸ್ಟಿಕ್ ತಾಜಮಹಲು ಎಂಬ ಈ ವಿನಿಮಯ ನಿಂತರೆ ಓಜಿಬ್ವೆಯ ಒಂದು ಸೇರು ಕಾಳಿಗೂ ಸಿದ್ದಿ ಹೆಂಗಸಿನ ಒಂದು ಕವಂದಿಗೂ ದಾರಿಯಾಗುತ್ತದೆ.