ನೀರಿನ ಲೆಕ್ಕದ ಊರು

ಆಮ್‌ಸ್ಟರ್‌ಡ್ಯಾಮಿನ ಶಾಲಾ ಮಕ್ಕಳಿಗೆ ಒಂದು ಅಂಕಿ ಬಾಯಿಪಾಠ. ವರ್ಷದ ದಿನಗಳು 365. ಅದರ ಎಡಕ್ಕೆ 1, ಬಲಕ್ಕೆ 9 ಇಟ್ಟರೆ 13,659. ಡಾಮ್ ಚೌಕದ ಅರಮನೆ ನಿಂತಿರುವುದು ಅಷ್ಟು ಮರದ ಕಂಬಗಳ ಮೇಲೆ. ಈಗ ಅರಮನೆ ಎನಿಸಿಕೊಂಡರೂ 1655ರಲ್ಲಿ ಅದು ಬಾಗಿಲು ತೆರೆದದ್ದು ಪುರಭವನವಾಗಿ. ಕಟ್ಟಿಸಿದ್ದು ರಾಜನಲ್ಲ, ವರ್ತಕರ ಊರು. ಅಲ್ಲಿ ನೆಲವೆಂದರೆ ಜೌಗು, ಕೆಸರು. ಭಾರ ಹೊರಬಲ್ಲ ಮರಳಿನ ಪದರ ಸಿಗಬೇಕಾದರೆ ಹನ್ನೆರಡು ಮೀಟರಿನಷ್ಟು ಕೆಳಗಿಳಿಯಬೇಕು. ಹಳೆಯ ಮನೆಗಳೆಲ್ಲ ಹಾಗೆ ಇಳಿಸಿದ ಕಂಬಗಳ ಮೇಲೆಯೇ ನಿಂತಿವೆ.

ಆಮ್‌ಸ್ಟೆಲ್‌ವೀನ್‌ನಲ್ಲಿ ನೆಲೆಸಿರುವ ಧಾರವಾಡದ ಗೆಳೆಯ, ಕಟ್ಟಡಗಳ ತಳಪಾಯವನ್ನೇ ವೃತ್ತಿ ಮಾಡಿಕೊಂಡಿರುವ ಕುಂದಾಪುರದ ಇನ್ನೊಬ್ಬ ಗೆಳೆಯ ಮತ್ತು ನಾನು, ಮೂವರೂ ಒಂದು ಮಧ್ಯಾಹ್ನ ಈ ಊರನ್ನು ಕಾಲ್ನಡಿಗೆಯಲ್ಲಿ ಸುತ್ತಿದೆವು. ಗಾಜಿನ ಛಾವಣಿಯ ದೋಣಿಯಲ್ಲಿ ಕೂತು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ನೋಡುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಕೂತವನಿಗೆ ಕಾಣುವುದು ಮನೆಗಳ ಮುಖ ಮಾತ್ರ. ಈ ಊರಿನಲ್ಲಿ ನೋಡಬೇಕಾದದ್ದು ನೆತ್ತಿ ಮತ್ತು ಪಾದ.

ಮೊದಲು ನೆತ್ತಿ. ಪ್ರಿನ್ಸೆನ್‌ಗ್ರಾಖ್ಟ್ ಕಾಲುವೆಯ ದಂಡೆಯಲ್ಲಿ ನಿಂತು ಕತ್ತೆತ್ತಿದರೆ ಪ್ರತಿ ಮನೆಯ ತುದಿಯಲ್ಲೂ ಒಂದು ಮರದ ತೊಲೆ ಹೊರಚಾಚಿರುತ್ತದೆ, ಅದರ ಮೂತಿಗೆ ಕಬ್ಬಿಣದ ಕೊಕ್ಕೆ. ನಾವು ಹೋದಾಗ ಒಂದು ಮನೆಯಲ್ಲಿ ಅದು ಕೆಲಸದಲ್ಲಿತ್ತು. ಕೆಳಗೆ ಇಬ್ಬರು ಹಗ್ಗ ಜಗ್ಗುತ್ತಿದ್ದರು, ರಾಟೆ ಕಿರಗುಟ್ಟುತ್ತಿತ್ತು, ಹಸಿರು ಬಣ್ಣದ ಸೋಫಾವೊಂದು ಮೆಲ್ಲಗೆ ತಿರುಗುತ್ತ ಮೇಲೇರಿತು. ಮೂರನೆಯ ಮಹಡಿಯಲ್ಲಿ ಕಿಟಕಿಯ ಚೌಕಟ್ಟನ್ನೇ ಕಳಚಿಟ್ಟು ಒಬ್ಬಾಕೆ ಕೈಚಾಚಿ ಕಾಯುತ್ತಿದ್ದಳು. ಒಳಗಿನ ಮೆಟ್ಟಿಲು ಅಷ್ಟು ಕಡಿದು, ಅಷ್ಟು ಇಕ್ಕಟ್ಟು. ಸೋಫಾ ಗೋಡೆಗೆ ತಾಗದಿರುವುದಕ್ಕೂ ಕಾರಣವಿದೆ: ಮನೆಯ ಮುಂಗೋಡೆ ರಸ್ತೆಯ ಕಡೆಗೆ ತುಸು ವಾಲಿದೆ, ವಾಲುವಂತೆಯೇ ಕಟ್ಟಿದ್ದಾರೆ.

ಸೋಫಾ ಏರಿದ ದಾರಿಯಲ್ಲೇ ಹಿಂದೆ ಸರಕು ಏರುತ್ತಿತ್ತು. ಹೇರೆನ್‌ಗ್ರಾಖ್ಟ್, ಕೈಸೆರ್ಸ್‌ಗ್ರಾಖ್ಟ್, ಪ್ರಿನ್ಸೆನ್‌ಗ್ರಾಖ್ಟ್ ಎಂಬ ಮೂರು ಕಾಲುವೆಗಳ ಅರ್ಧಚಂದ್ರವನ್ನು 1613ರಿಂದ ಅಗೆಯತೊಡಗಿದ್ದು ಅಂದಕ್ಕಲ್ಲ. ಹಡಗಿನಿಂದ ಇಳಿದ ಮಾಲು ಚಿಕ್ಕ ದೋಣಿಯಲ್ಲಿ ಮನೆಬಾಗಿಲಿಗೆ ಬರಬೇಕು, ಅಲ್ಲಿಂದ ಹಗ್ಗದಲ್ಲಿ ಅಟ್ಟಕ್ಕೇರಬೇಕು, ಯಜಮಾನ ಅದರ ಕೆಳಗೇ ಉಂಡು ಮಲಗಬೇಕು. ಊರಿನ ಆಡಳಿತ ದಂಡೆಯ ನಿವೇಶನಗಳನ್ನು ಅಳೆದು ಹರಾಜು ಹಾಕಿತು. "ಇವ್ರು ಮನೀ ಕಟ್ಟಿಲ್ಲೋ, ಗೋದಾಮಿಗೆ ಮನೀ ಜೋಡ್ಸ್ಯಾರ" ಎಂದ ಧಾರವಾಡದವನು. ಯುನೆಸ್ಕೋ 2010ರಲ್ಲಿ ಈ ಕಾಲುವೆ ವಲಯವನ್ನು ವಿಶ್ವ ಪರಂಪರೆಗೆ ಸೇರಿಸಿದೆ. ಗೆಳೆಯನ ವರದಿ ಅದಕ್ಕಿಂತ ಚಿಕ್ಕದು, ಅಷ್ಟೆ.

ಕುಂದಾಪುರದವನ ಪ್ರಶ್ನೆ ಬೇರೆ: "ಹಂಗಾರೆ ನಮ್ ಬಸ್ರೂರಿನ ಮೆಣ್ಸೂ ಈ ಅಟ್ಟಕ್ಕೆ ಹತ್ತಿತ್ತಾ?" ತಮಾಷೆಗೆ ಕೇಳಿದ್ದಾದರೂ ಪ್ರಶ್ನೆ ಹುಸಿಯಲ್ಲ. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿ ಅದೇ ಶತಮಾನದಲ್ಲಿ ಬಸ್ರೂರಿನಲ್ಲಿ ಕೋಠಿ ಇಟ್ಟಿತ್ತು, ಕೆಳದಿ ನಾಯಕರ ಸೀಮೆಯ ಅಕ್ಕಿ, ಮೆಣಸು ಕೊಳ್ಳುತ್ತಿತ್ತು. ಎಲ್ಲೆಡೆಯೂ ಅದು ಹೀಗೆ ಹಣ ಕೊಟ್ಟೇ ಕೊಳ್ಳಲಿಲ್ಲ. ಜಾಯಿಕಾಯಿಯ ಏಕಸ್ವಾಮ್ಯಕ್ಕಾಗಿ 1621ರಲ್ಲಿ ಬಾಂದಾ ದ್ವೀಪಗಳ ಜನರನ್ನು ಕೊಂದು, ಉಳಿದವರನ್ನು ಗುಲಾಮರನ್ನಾಗಿಸಿತು. ಹೇರೆನ್‌ಗ್ರಾಖ್ಟಿನ 502ನೇ ಸಂಖ್ಯೆಯ ಭವ್ಯ ಮನೆ ಇಂದು ಮೇಯರ್ ನಿವಾಸ. ಅದನ್ನು ಕಟ್ಟಿಸಿದ ಪಾಲಸ್ ಗೋಡಿನ್ ಗುಲಾಮರ ವ್ಯಾಪಾರದಲ್ಲಿ ಪಾಲುಳ್ಳವನು. ಈ ವಿಷಯವನ್ನು ಮನೆಯ ಮುಂದೆಯೇ ಫಲಕದಲ್ಲಿ ಬರೆದಿದ್ದಾರೆ. 2021ರ ಜುಲೈ 1ರಂದು ಮೇಯರ್ ಫೆಮ್ಕೆ ಹಾಲ್ಸೆಮಾ ಊರಿನ ಪರವಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು. ತಡವಾಯಿತೆನ್ನಿ, ಆದರೂ ಕೇಳಿದರು.

ಇನ್ನು ಪಾದ. ಗಾಳಿ ಸೋಕದೆ ನೀರಿನಡಿ ಇರುವವರೆಗೆ ಮರದ ಕಂಬಕ್ಕೆ ಶಿಲೀಂಧ್ರ ಹತ್ತುವುದಿಲ್ಲ. ನೀರು ಇಳಿದು ಕಂಬದ ತಲೆ ಬಯಲಾಯಿತೋ, ಕೊಳೆಯತೊಡಗುತ್ತದೆ. ಆದ್ದರಿಂದ ಕಾಲುವೆಯ ಮಟ್ಟವನ್ನು ಮಳೆಯಿರಲಿ ಬಿಸಿಲಿರಲಿ, ಎತ್ತರ ಅಳೆಯಲು ಆಧಾರವಾಗಿಟ್ಟುಕೊಂಡ ಆಮ್‌ಸ್ಟರ್‌ಡ್ಯಾಮ್ ಪ್ರಮಾಣಮಟ್ಟಕ್ಕಿಂತ 40 ಸೆಂಟಿಮೀಟರ್ ಕೆಳಗೇ ಹಿಡಿದಿಡುತ್ತಾರೆ. ತುಂಬಿದರೆ ಹೊರಗೆ ಬಿಡಬೇಕು, ತಗ್ಗಿದರೆ ಒಳಗೆ ತರಬೇಕು. ರಾತ್ರಿ ಹೊತ್ತು ಗೇಟು ಮುಚ್ಚಿ ಹೊಸ ನೀರು ಹಾಯಿಸಿ ಹಳೆಯದನ್ನು ಹೊರದೂಡುವುದೂ ಉಂಟು. ಹಿಂದಿನ ಕಾಲದಲ್ಲಿ ಬೇಸಿಗೆಯ ನಾತ ತಾಳಲಾರದೆ ಸಿರಿವಂತರು ಫೆಖ್ಟ್ ನದಿಯ ದಂಡೆಯ ತೋಟದ ಮನೆಗಳಿಗೆ ಓಡುತ್ತಿದ್ದರು.

ದಂಡೆಯ ಗೋಡೆಗಳದು ಇನ್ನೂ ಕಷ್ಟ. ಕುದುರೆಗಾಡಿಯ ಕಾಲಕ್ಕೆಂದು ಕಟ್ಟಿದವುಗಳ ಮೇಲೆ ಈಗ ಲಾರಿಗಳು ಓಡುತ್ತವೆ, ಕಾರುಗಳು ಸಾಲಾಗಿ ನಿಲ್ಲುತ್ತವೆ. 2020ರ ಸೆಪ್ಟೆಂಬರ್ 1ರಂದು ಗ್ರಿಮ್‌ಬರ್ಗ್‌ವಾಲ್ ಕಾಲುವೆಯ ದಂಡೆಯ ಒಂದು ತುಂಡು ಹಾಗೇ ನೀರಿಗೆ ಕುಸಿಯಿತು. ಸುಮಾರು 200 ಕಿಲೋಮೀಟರ್ ಉದ್ದದ ಗೋಡೆಗಳನ್ನು ಈಗ ಪರೀಕ್ಷಿಸಿ, ಬೇಕಾದಲ್ಲಿ ಹೊಸದಾಗಿ ಕಟ್ಟುತ್ತಿದ್ದಾರೆ. ನೀರಿನೊಳಗೆ ಹೊಡೆದ ಉಕ್ಕಿನ ತಗಡುಗಳನ್ನು ಕಂಡು ಪ್ರವಾಸಿಗರು ಕ್ಯಾಮೆರಾ ಬೇರೆಡೆ ತಿರುಗಿಸುತ್ತಾರೆ. ನಮ್ಮ ಎಂಜಿನಿಯರ್ ಅದರ ಫೋಟೋಗಳನ್ನೇ ತೆಗೆದದ್ದು.

ಇಷ್ಟು ಗೋಳು ಬೇಡವೆಂದು ಈ ಊರು ಕಾಲುವೆಗಳನ್ನು ಮುಚ್ಚಿದ್ದೂ ಇದೆ. ಇಂದಿನ ನ್ಯೂವೆಜೈಡ್ಸ್ ಫೋರ್‌ಬರ್ಗ್‌ವಾಲ್ ರಸ್ತೆ 1884ರಲ್ಲಿ ಹೂತುಹೋದ ಕಾಲುವೆ. 1954ರಲ್ಲಂತೂ ಪೊಲೀಸ್ ಮುಖ್ಯಸ್ಥ ಕಾಸ್‌ಯಾಗರ್, ಕಾರುಗಳಿಗೆ ಜಾಗ ಬೇಕು, ಹಲವು ಕಾಲುವೆಗಳನ್ನು ತುಂಬಿ ರಸ್ತೆ ಮಾಡೋಣವೆಂದು ಯೋಜನೆ ಕೊಟ್ಟರು. ಜನ ಸಿಡಿದೆದ್ದರು, ಯೋಜನೆ ಬಿದ್ದುಹೋಯಿತು. ಬೀಳದಿದ್ದರೆ ನಾವು ನೋಡಲು ಹೋಗುತ್ತಿದ್ದದ್ದು ಬಹುಶಃ ಪಾರ್ಕಿಂಗ್ ಜಾಗವನ್ನು.

ಹೋಗುವವರಿಗೆ ಎರಡು ಮಾತು. ಆನ್ ಫ್ರಾಂಕ್ ಮನೆಯ ಟಿಕೆಟ್ ಬಾಗಿಲಲ್ಲಿ ಸಿಗುವುದಿಲ್ಲ, ವಾರಗಟ್ಟಲೆ ಮೊದಲೇ ಆನ್‌ಲೈನಿನಲ್ಲಿ ಕಾದಿರಿಸಿ. ದೋಣಿ ವಿಹಾರ ತಪ್ಪಿದರೂ ಚಿಂತೆಯಿಲ್ಲ, ಪುರಭವನ ಮತ್ತು ಒಪೆರಾ ಒಂದೇ ಸೂರಿನಡಿ ಇರುವ ಸ್ಟೋಪೆರಾ ಕಟ್ಟಡವನ್ನು ತಪ್ಪಿಸಬೇಡಿ. ಅಲ್ಲಿ ನೀರು ತುಂಬಿದ ಮೂರು ಗಾಜಿನ ಕಂಬಗಳಿವೆ. ಎರಡು, ಕರಾವಳಿಯ ಎರಡು ಕಡೆ ಆ ಗಳಿಗೆಯಲ್ಲಿ ಸಮುದ್ರ ಎಷ್ಟು ಎತ್ತರವಿದೆ ಎಂದು ತೋರಿಸುತ್ತವೆ. ತಲೆಯ ಮೇಲಕ್ಕೇರಿ ನಿಂತ ಮೂರನೆಯದು, 1,836 ಜನರನ್ನು ಬಲಿ ತೆಗೆದುಕೊಂಡ 1953ರ ಪ್ರವಾಹದ ಮಟ್ಟ: 4.55 ಮೀಟರ್.