ಬಳಸೋರು ಕಮ್ಮಿ ಅನ್ನೋ ನೆಪ

"ಬಳಸೋರು ಕಮ್ಮಿ, ಅದಕ್ಕೇ ಮಾಡಿಲ್ಲ." ಗಡಿ ಕನ್ನಡಿಗರಿಗೆ ಈ ಮಾತು ಹೊಸದಲ್ಲ. ಮಕ್ಕಳು ಕಮ್ಮಿ ಅಂತ ಕನ್ನಡ ಶಿಕ್ಷಕರಿಲ್ಲ, ಓದೋರು ಕಮ್ಮಿ ಅಂತ ಕನ್ನಡ ಬೋರ್ಡಿಲ್ಲ. ಕಂಪ್ಯೂಟರಲ್ಲೂ ಅದೇ ರಾಗ.

ಕೇರಳದ ಸರ್ಕಾರಿ ಶಾಲೆಗಳಲ್ಲಿ ಓಡೋದು ಕೈಟ್ ಗ್ನು/ಲಿನಕ್ಸ್. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯೋದೂ ಅದರಲ್ಲೇ. ನುಡಿ, ಬರಹ ಎರಡೂ ವಿಂಡೋಸ್‌ಗೆಂದೇ ಹುಟ್ಟಿದವು. ಹಾಗಾಗಿ "ಲಿನಕ್ಸಲ್ಲಿ ಕನ್ನಡ ಬರಲ್ಲ" ಅಂತ ಕೈಕಟ್ಟಿ ಕೂರೋದು ನಮ್ಮೋರಿಗೆ ಅಭ್ಯಾಸ ಆಗಿಬಿಟ್ಟಿದೆ.

ಬರುತ್ತೆ ಗೆಳೆಯರೇ! ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯನ್ನ ಲಿನಕ್ಸಿಗೆ ತರೋಕೆ ಇಡೀ ನುಡಿ ತಂತ್ರಾಂಶ ಬೇಕಾಗಲಿಲ್ಲ. ಯಾವ ಕೀಗೆ ಯಾವ ಅಕ್ಷರ ಅಂತ ಬರೆದ ಒಂದು ಸಣ್ಣ ಪಠ್ಯ ಕಡತ ಸಾಕಾಯ್ತು. ಐಬಸ್ ಜೊತೆ ಎಂ17ಎನ್ ಹಾಕಿಕೊಂಡರೆ ಕೆಜಿಪಿ ಹೆಸರಲ್ಲಿ ಸಿಗುತ್ತೆ, ಪುಕ್ಕಟೆ. ಮುಕ್ತ ತಂತ್ರಾಂಶದ ಲಾಭವೇ ಇದು: ತಿದ್ದೋಕೆ ಯಾರ ಅಪ್ಪಣೆಯೂ ಬೇಡ.

ಮಲಯಾಳಿಗಳು 2002ರಲ್ಲೇ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಕಟ್ಟಿದರು. ಫಾಂಟು, ಕೀಲಿಮಣೆ, ಅನುವಾದ ತಾವೇ ಮಾಡ್ಕೊಂಡರು. ಅವರನ್ನ ಬೈದು ನಮಗೇನು ಬಂತು? ಈ ವಿಷಯದಲ್ಲಿ ಅವರಿಂದ ಕಲೀಬೇಕು.

ಕೋಡ್ ಬರೆಯೋಕೆ ಬಾರದವರಿಗೂ ಕೆಲಸ ಇದೆ. ಒತ್ತಕ್ಷರ ಒಡೆದು ಕಂಡರೆ ಸ್ಕ್ರೀನ್‌ಶಾಟ್ ಹಾಕಿ ಬಗ್ ವರದಿ ಮಾಡಿ. ಮೆನುಗಳನ್ನ ಅನುವಾದಿಸಿ. ನಿಮ್ಮೂರ ಶಾಲೆಗೆ ಹೋಗಿ ಕನ್ನಡ ಕೀಲಿಮಣೆ ಹಾಕಿಕೊಡಿ. ಬೆಂಗಳೂರಿಗೂ ಒಂದೇ ಮಾತು ಹೇಳೋಣ: ಸರ್ಕಾರಿ ದುಡ್ಡಲ್ಲಿ ಆಗೋ ಪ್ರತಿ ಕನ್ನಡ ತಂತ್ರಾಂಶದ ಮೂಲ ಸಂಕೇತ ಎಲ್ಲರಿಗೂ ತೆರೆದಿರಲಿ. ಯಾವ ಯಂತ್ರಕ್ಕೆ ಬೇಕೋ ಅದಕ್ಕೆ ನಾವೇ ಹೊಂದಿಸ್ಕೋತೀವಿ.

"ಸಂಖ್ಯೆ ಕಮ್ಮಿ" ಅನ್ನೋ ಮಾತು ಬೇರೆಯವರ ಬಾಯಲ್ಲಿ ಕೇಳಿ ಸಾಕಾಗಿದೆ. ನಮ್ಮ ಬಾಯಲ್ಲೇ ಅದು ಬರೋದು ಬೇಡ.